ಬೀಗದವನ ಮೂಗು

ಆ ಬೀದಿಯಲ್ಲಿ ಬೀಗ ಕೆಟ್ಟರೂ ಬಿಯರು ಕೆಟ್ಟರೂ ಜನ ಹೋಗುತ್ತಿದ್ದದ್ದು ಒಂದೇ ಅಂಗಡಿಗೆ. ಅಂಗಡಿ ಎಂದರೆ ದೊಡ್ಡದೇನಲ್ಲ, ಎರಡು ಮನೆಗಳ ನಡುವಿನ ಸಂದಿಗೆ ಯಾರೋ ಎಂದೋ ತಗಡು ಹೊದಿಸಿ ಬಿಟ್ಟಿದ್ದ ಜಾಗ. ಗೋಡೆಯ ತುಂಬ ಮೊಳೆ, ಮೊಳೆಗಳ ತುಂಬ ಬೀಗದಕೈ. ಉಳಿದ ಅಂಗೈಯಗಲದಲ್ಲಿ ಒಂದು ಇಕ್ಕಳ, ಒಂದು ಅರ, ಒಂದು ಸ್ಟೂಲು. ಸ್ಟೂಲಿನ ಮೇಲೆ ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತ ಬೀಗದವನು.

ಮನೆಯಲ್ಲೇ ಬಿಯರು ಮಾಡಿಕೊಳ್ಳುವ ಹುಚ್ಚು ಆ ಬೀದಿಗೆ ಅಂಟಿ ಎಷ್ಟೋ ಕಾಲವಾಗಿತ್ತು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಸಿ, ಸೋಸಿ, ಕಹಿಗೆಂದು ಹಾಪ್ಸ್ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಮುಚ್ಚಿಟ್ಟರೆ ಮನುಷ್ಯನ ಕೆಲಸ ಅಲ್ಲಿಗೆ ಮುಗಿಯಿತು. ಆಮೇಲಿನದೆಲ್ಲ ಕತ್ತಲಲ್ಲಿ, ಕಣ್ಣಿಗೆ ಕಾಣದ ಜೀವಗಳು ಮಾಡುವ ಕೆಲಸ. ಬೀಗದವನು ಇದನ್ನು ಒಂದು ಬಗೆಯ ಪ್ರಾರ್ಥನೆಯೆಂದೇ ನಂಬಿದ್ದ. ಮುಚ್ಚಳ ಹಾಕಿದ ಮೇಲೆ ಕೈಮುಗಿದು, "ಇನ್ನು ನಿನ್ನ ಪಾಲಿನದು" ಎಂದು ಹೇಳಿಯೇ ಆ ಕೋಣೆಯಿಂದ ಹೊರಗೆ ಬರುತ್ತಿದ್ದ.

ಕೈಮುಗಿದವರಿಗೆಲ್ಲ ಫಲ ಒಂದೇ ಥರ ಸಿಗುವುದಿಲ್ಲವಷ್ಟೆ. ಒಬ್ಬನ ಪೀಪಾಯಿಯಲ್ಲಿ ಬೆಣ್ಣೆಯ ಜಿಡ್ಡು ವಾಸನೆ ಬಂದರೆ ಇನ್ನೊಬ್ಬನದರಲ್ಲಿ ಬೆಂದ ಎಲೆಕೋಸು, ಮತ್ತೊಬ್ಬನದರಲ್ಲಿ ನೆನೆದ ರಟ್ಟು. ಹಾಗಾದಾಗ ಬಾಟಲಿಯನ್ನು ಕಂಕುಳಲ್ಲಿಟ್ಟುಕೊಂಡು, ಕಳ್ಳತನದ ಮಾಲು ತಂದವರ ಹಾಗೆ ಆಚೀಚೆ ನೋಡುತ್ತ, ಸಂದಿಯ ಅಂಗಡಿಗೆ ಬರುತ್ತಿದ್ದರು.

ಒಂದು ದಿನ ಕ್ಷೌರದಂಗಡಿಯವನು ಬಂದ.

"ಇದಕ್ಕೇನು ರೋಗ ಅಂತ ನೀನೇ ಹೇಳಪ್ಪ. ಮನೇಲಿ ಯಾರೂ ಮುಟ್ತಿಲ್ಲ."

ಬೀಗದವನು ಲೋಟಕ್ಕೆ ಒಂದಿಷ್ಟು ಬಗ್ಗಿಸಿ, ಬೆಳಕಿಗೆ ಹಿಡಿದು ತಿರುಗಿಸಿ, ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದ. ಮುಚ್ಚಿಕೊಂಡೇ ಕೇಳಿದ: "ಬಾಟಲಿಗೆ ಯಾವಾಗ ತುಂಬಿದೆ?"

"ಗುಳ್ಳೆ ನಿಂತ ತಕ್ಷಣ."

"ಪೂರ್ತಿ ನಿಂತಿತ್ತಾ?"

"ನಿಂತ ಹಾಗೇ ಇತ್ತು."

"ನಿಂತ ಹಾಗಿರೋದು ಬೇರೆ, ನಿಲ್ಲೋದು ಬೇರೆ. ಹಸಿ ಸೇಬಿನ ವಾಸನೆ ಹೊಡೀತಿದೆ. ಯೀಸ್ಟಿಗೆ ಊಟ ಮುಗಿಯೋ ಮುಂಚೆ ತಟ್ಟೆ ಎತ್ತಿಬಿಟ್ಟಿದೀಯ. ನನ್ನ ಗಡ್ಡ ಹೆರೆಯೋವಾಗಲೂ ನಿಂಗೆ ಇದೇ ಆತುರ, ನೋಡಿಲ್ಲಿ," ಎಂದು ಗಲ್ಲದ ಮೇಲಿನ ಗೀರು ತೋರಿಸಿದ.

"ಸೇಬು ಅಂತಾನೇ ನಮ್ಮವಳೂ ಅಂದಿದ್ದು! ಅದು ಮೂಗಲ್ಲಯ್ಯ, ದೇವರು ನಿನ್ನ ಮುಖದ ಮೇಲೊಂದು ನಾಯಿ ಕಟ್ಟಿ ಕಳಿಸಿದಾನೆ."

ಅವನು ನಗುತ್ತ ಹೋದ ಮೇಲೆ ಬೀಗದವನು ಲೋಟವನ್ನು ಇನ್ನೊಮ್ಮೆ ಮೂಗಿಗೆ ಹಿಡಿದ. ಉದ್ದಕ್ಕೆ ಉಸಿರೆಳೆದ. ಸೇಬಿಲ್ಲ, ಬಾರ್ಲಿಯಿಲ್ಲ, ಏನೂ ಇಲ್ಲ. ತುಟಿಗೆ ತಾಗಿದ್ದು ಗಾಜಿನ ತಣ್ಣನೆಯ ಅಂಚು ಮಾತ್ರ.

ಹಿಂದಿನ ಚಳಿಗಾಲ ಒಂದು ಜ್ವರ ಬಂದಿತ್ತು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ಹೋಗುವಾಗ ಮೂಗನ್ನೂ ತೆಗೆದುಕೊಂಡು ಹೋಯಿತು. ನಾಲಿಗೆಗೆ ಉಪ್ಪು ಗೊತ್ತಾಗುತ್ತಿತ್ತು, ಸಿಹಿ, ಹುಳಿ, ಕಹಿ ಗೊತ್ತಾಗುತ್ತಿದ್ದವು. ಅವುಗಳ ಹಿಂದೆ ಅರಳುವ ಸಾವಿರ ಬಗೆಯ ಲೋಕ ಮಾತ್ರ ಮುಚ್ಚಿಹೋಗಿತ್ತು. ವೈದ್ಯರು ಮೂಗಿನೊಳಗೆ ದೀಪ ಬಿಟ್ಟು ನೋಡಿ, "ಬಂದರೂ ಬರಬಹುದು" ಎಂದಿದ್ದರು. ದಿನಾ ಬೆಳಿಗ್ಗೆ ಎದ್ದವನೇ ಅವನು ಸಾಬೂನು ಮೂಸುತ್ತಿದ್ದ, ಚಹಾ ಮೂಸುತ್ತಿದ್ದ, ಕಡೆಗೆ ಚಪ್ಪಲಿಯನ್ನೂ ಮೂಸುತ್ತಿದ್ದ. ಆಮೇಲೆ ಕೈಮುಗಿದು, ಬೇರೇನನ್ನೂ ಕೇಳದೆ, ಅದೊಂದನ್ನೇ ಕೇಳುತ್ತಿದ್ದ.

ಈ ಸಂಗತಿ ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೆ. ಅದೂ ಅವನು ಹೇಳಿ ಗೊತ್ತಾದದ್ದಲ್ಲ. ಒಲೆಯ ಪಕ್ಕದಲ್ಲೇ ಕೂತು ಯಾವುದೋ ಬೀಗ ಬಿಚ್ಚುತ್ತಿದ್ದವನಿಗೆ ಹಾಲು ಸೀದು ಕರಕಲಾದರೂ ತಿಳಿಯಲಿಲ್ಲ. ಹೊರಗಿಂದ ಓಡಿಬಂದ ಅವಳು, "ಏನ್ರೀ, ಮೂಗನ್ನ ಎಲ್ಲಾದ್ರೂ ಒತ್ತೆ ಇಟ್ಟು ಬಂದಿದೀರಾ?" ಎಂದು ನಕ್ಕಳು. ಅವನ ಮುಖ ನೋಡಿ ನಗು ಅಲ್ಲೇ ನಿಂತಿತು.

"ಹೇಳಿಬಿಡಿ," ಎಂದಳು ಆಮೇಲೆ ಎಷ್ಟೋ ಸಲ. "ಕಿವಿ ಮಂದ ಆದೋರು ಹೇಳ್ಕೊಳಲ್ವಾ? ಇದ್ರಲ್ಲಿ ಮರ್ಯಾದೆ ಹೋಗೋದೇನಿದೆ?"

"ನಿಂಗೆ ಗೊತ್ತಾಗಲ್ಲ. ಈಗೆಲ್ಲ ಗುಂಡಿ ಒತ್ತೋ ಬೀಗ. ಆ ಸಂದಿಗೆ ಯಾರಾದ್ರೂ ಬಂದು ಎರಡು ಮಾತಾಡಿ ಹೋಗ್ತಾರೆ ಅಂದ್ರೆ ಬಿಯರಿಗೆ. ಅದೂ ಹೋದ್ರೆ ನಾನು ಗೋಡೆ ಜೊತೆ ಮಾತಾಡ್ಬೇಕು."

ಹಾಗಾದರೆ ಅವನು ರೋಗ ಕಂಡುಹಿಡಿಯುತ್ತಿದ್ದದ್ದು ಹೇಗೆ? ಬೀಗದ ರೋಗ ಕಂಡುಹಿಡಿಯುವ ಹಾಗೆಯೇ. ಬೀಗದ ಹೊಟ್ಟೆಯೊಳಗೆ ಯಾರ ಕಣ್ಣು ಹೋಗುತ್ತದೆ? ಬಳಸುವವನ ಕೈ ನೋಡಿದರೆ ಸಾಕು, ಒಳಗೆ ಏನು ಸವೆದಿದೆ ಎಂದು ತಿಳಿಯುತ್ತದೆ. ಬೀದಿಯವರನ್ನೆಲ್ಲ ಅವನು ಚಿಕ್ಕಂದಿನಿಂದ ಬಲ್ಲ. ಆತುರಗಾರನದು ಹಸಿ ಸೇಬು. ಮೇಷ್ಟರು ತಮ್ಮದನ್ನೆಲ್ಲ ಜನ ನೋಡಲೆಂದು ಕಿಟಕಿಯಲ್ಲಿ ಸಾಲಾಗಿ ಇಡುವವರು, ಹಾಗಾಗಿ ಬಿಸಿಲು ತಾಗಿ ಕಾಡುಬೆಕ್ಕಿನ ನಾತ. ಬಣ್ಣ ಬಳಿಯುವವನಿಗೆ ಯಾವುದರ ಮೇಲೂ ನಂಬಿಕೆಯಿಲ್ಲ, ಗಳಿಗೆಗೊಮ್ಮೆ ಮುಚ್ಚಳ ತೆಗೆದು ಇಣುಕುತ್ತಾನೆ, ಗಾಳಿ ಹೊಕ್ಕು ರಟ್ಟಿನ ರುಚಿ. ಅನುಮಾನವಿದ್ದರೆ ನಾಲ್ಕು ಪ್ರಶ್ನೆ. ಬಿಯರು ಬರೀ ನೆಪ, ಅವನು ಮೂಸುತ್ತಿದ್ದದ್ದು ಮನುಷ್ಯರನ್ನು. ಒಮ್ಮೆಯೂ ತಪ್ಪಿರಲಿಲ್ಲ.

ಬಾಟಲಿ ಹಿಡಿದು ಎಂದೂ ಬಾರದವನು ಒಬ್ಬನೇ, ಅವನ ತಮ್ಮ. ಅವನಿಗೆ ಕೈಹಿಡಿದು ಕಲಿಸಿದವನೇ ಬೀಗದವನು. ಪಾತ್ರೆ ತೊಳೆಯಲು ಕುದಿಯುವ ನೀರು ಬಿಟ್ಟು ಬೇರೇನನ್ನೂ ಮುಟ್ಟಬಾರದು ಎನ್ನುವುದರಿಂದ ಹಿಡಿದು, ಮುಚ್ಚಳ ಹಾಕಿದ ಮೇಲೆ ಕೈಮುಗಿಯುವ ತನಕ. ತಮ್ಮನದು ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ. ತಡವಾಗಿ ಮದುವೆಯಾಗಿ, ಇನ್ನೂ ತಡವಾಗಿ ಒಂದು ಹೆಣ್ಣು ಕೂಸು ಹುಟ್ಟಿತ್ತು. ತಿಂಗಳು ತುಂಬುವ ಮುಂಚೆಯೇ ಹುಟ್ಟಿದ ಕೂಸು, ಎದೆ ಬಲಹೀನ. ಆಸ್ಪತ್ರೆಯಿಂದ ಮನೆಗೆ ತಂದ ವಾರವೇ ಬೀಗದವನಿಗೆ ಆ ಜ್ವರ. "ಕೆಮ್ಮು ಇರೋರು ಹತ್ರ ಬರಬೇಡಿ ಅಂದಿದಾರೆ, ಅಣ್ಣಾ," ಎಂದಿದ್ದ ತಮ್ಮ. ನ್ಯಾಯವಾದ ಮಾತೇ. ಆದರೆ ಕೆಮ್ಮು ಹೋದ ಮೇಲೂ ಬೀಗದವನು ಹೋಗಲಿಲ್ಲ. ತಮ್ಮನ ಹೆಂಡತಿ ಕಣ್ಣಲ್ಲೇ ಎಲ್ಲ ಅಳೆಯುವ ಹೆಂಗಸು. ಏನಾದರೂ ಮಾಡಿ ತಂದು ಎದುರಿಗಿಟ್ಟು, "ಘಮ ಹೇಗಿದೆ ಬಾವಾ?" ಎಂದರೆ ಎಲ್ಲಿ ಸಿಕ್ಕಿಬೀಳುತ್ತೇನೋ ಎಂಬ ಅಳುಕು. ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುತ್ತಲೇ ವರ್ಷ ಸರಿಯಿತು. ಹೆಂಡತಿ ಹೋಗಿಬರುತ್ತಿದ್ದಳು. ಬಂದವಳು ಆ ಮನೆಯ ಮಾತೆತ್ತಿದರೆ ಇವನಿಗೆ ಚುಚ್ಚಿದ ಹಾಗಾಗಿ, ಮೆಲ್ಲಗೆ ಬೇರೆ ಮಾತಿಗೆ ಜಾರುತ್ತಿದ್ದ.

ಹೀಗಿರುವಾಗ ಅದೃಷ್ಟ ತಮ್ಮನ ಬಾಗಿಲು ತಟ್ಟಿತು. ಬೀದಿಯ ಮೂಲೆಯಲ್ಲಿದ್ದ ಬಾರಿನ ಯಜಮಾನ, ತನ್ನಲ್ಲಿ ಒಂದು ನಲ್ಲಿಯನ್ನು ಬೀದಿಯವರೇ ಮಾಡಿದ ಬಿಯರಿಗೆ ಮೀಸಲಿಡುತ್ತೇನೆಂದು ತಮ್ಮನನ್ನು ಕರೆದು ಹೇಳಿದ. ಒಂದು ಪೀಪಾಯಿ ತಾ, ಜನ ಒಪ್ಪಿದರೆ ಮುಂದಕ್ಕೆಲ್ಲ ನಿನ್ನದೇ. ಅಂದರೆ ಮೂಟೆ ಹೊರುವುದು ತಪ್ಪುತ್ತದೆ, ಬಾಗಿದ ಬೆನ್ನು ನೆಟ್ಟಗಾಗುತ್ತದೆ, ಕೂಸಿನ ಪಕ್ಕದಲ್ಲೇ ಇರಬಹುದು.

ತಮ್ಮ ಒಂದು ಬಾಟಲಿ ಹಿಡಿದು ಸಂದಿಗೆ ಬಂದ. ಮೊದಲ ಸಲ.

"ಅಣ್ಣಾ, ಒಂದು ಸಲ ನೋಡಿಬಿಡು. ಮನೇಲೇ ಇದ್ದೂ ಇದ್ದೂ ನನ್ನ ಮೂಗಿಗೆ ಏನೂ ಗೊತ್ತಾಗ್ತಿಲ್ಲ. ಬಾರಿನೋರು 'ನಿಮ್ಮಣ್ಣ ಹೂಂ ಅಂದ್ರೆ ಸಾಕು, ನಾನು ರುಚಿನೂ ನೋಡಲ್ಲ' ಅಂದಿದಾರೆ."

ಬೀಗದವನು ಲೋಟ ಎತ್ತಿ ಬೆಳಕಿಗೆ ಹಿಡಿದ. ತಿಳಿಯಾದ ಚಿನ್ನದ ಬಣ್ಣ. ನೊರೆ ಗಟ್ಟಿಯಾಗಿ ನಿಂತಿತ್ತು. ಒಂದು ಗುಟುಕು ಕುಡಿದ. ಹುಳಿಯಿಲ್ಲ. ಸಿಹಿ ಹಿತವಾಗಿದೆ. ಕಹಿ ತಾನು ಕಲಿಸಿದ ಅಳತೆಗೆ ಸರಿಯಾಗಿ ಬಂದು ನಾಲಿಗೆಯ ಹಿಂದೆ ಕೂತಿತು. ಲೋಟ ಕೆಳಗಿಡುವಾಗ ತಮ್ಮನ ಬೆರಳುಗಳು ಕಣ್ಣಿಗೆ ಬಿದ್ದವು. ಕೆಂಪಗೆ, ತುದಿಯಲ್ಲಿ ಸಿಪ್ಪೆ ಎದ್ದಿದ್ದವು. ಪಾಪ, ಮೂಟೆಯ ಗೋಣಿ ತರಚಿರಬೇಕು ಎಂದುಕೊಂಡ.

'ಮಾಡೋದ್ರಲ್ಲಿ ಏನಾದ್ರೂ ಬದಲಾಯಿಸಿದೀಯಾ?' ಎಂಬ ಪ್ರಶ್ನೆ ತುಟಿಯ ತನಕ ಬಂತು. ಕ್ಷೌರದವನನ್ನು ಕೇಳುವುದಾದರೆ ಕೇಳಿಯೇಬಿಡುತ್ತಿದ್ದ. ಆದರೆ ತಾನೇ ಎತ್ತಿ ಆಡಿಸಿದ ತಮ್ಮ, ತಾನೇ ಕಲಿಸಿದ ಕೆಲಸ; ಇವನ ವಿಷಯ ತನಗೆ ತಿಳಿಯದ್ದೇನಿದೆ? ಮೂಗಿರುವವನು ಯಾಕೆ ಕೇಳಬೇಕು ಎಂದು ಇವನಿಗೆ ಅನ್ನಿಸಿಬಿಟ್ಟರೆ?

"ಚೆನ್ನಾಗಿದೆ ಕಣೋ."

"ನಿಜವಾಗ್ಲೂ?"

"ನಾನು ಯಾವತ್ತಾದ್ರೂ ನಿಂಗೆ ಸುಳ್ಳು ಹೇಳಿದೀನಾ?"

ತಮ್ಮ ಅವನ ಹೆಗಲು ಹಿಡಿದು ಒಮ್ಮೆ ಬಿಗಿಯಾಗಿ ಅದುಮಿದ. ಬಾಟಲಿಯನ್ನು ಅಲ್ಲೇ ಬಿಟ್ಟು ಹೊರಟುಹೋದ.

ಪೀಪಾಯಿ ತೆರೆಯುವ ಸಂಜೆ ಬೀದಿಗೆ ಬೀದಿಯೇ ಬಾರಿನಲ್ಲಿತ್ತು. ಯಜಮಾನ ಮೊದಲ ಲೋಟ ತುಂಬಿ ಬೀಗದವನ ಕೈಗೇ ಕೊಟ್ಟ. ಅವನು ಎಲ್ಲರೂ ನೋಡುತ್ತಿರುವಂತೆ ಅರ್ಧ ಲೋಟ ಕುಡಿದು ತಲೆಯಾಡಿಸಿದ. ಚಪ್ಪಾಳೆ ಬಿತ್ತು. ಲೋಟಗಳು ಕೈಯಿಂದ ಕೈಗೆ ದಾಟಿದವು.

ಕ್ಷೌರದವನು ಬಾಯಿತುಂಬ ಕುಡಿದವನು ನುಂಗದೆ ನಿಂತ. ಉಗುಳಲು ಜಾಗ ಹುಡುಕುತ್ತ ಕಣ್ಣು ಹೊರಳಿಸಿದ. ಮೇಷ್ಟರು ತಮ್ಮ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಕರವಸ್ತ್ರ ತೆಗೆದರು.

"ಇದೇನಪ್ಪ ಇದು, ಕುಡಿಯೋಕೋ, ಗಾಯಕ್ಕೆ ಹಚ್ಕೊಳೋಕೋ?"

"ನಂಗಂತೂ ಹೆರಿಗೆ ವಾರ್ಡು ಕಣ್ಮುಂದೆ ಬಂತು."

"ಒಂದು ಲೋಟಕ್ಕೆ ಒಂದು ಸೂಜಿ ಫ್ರೀ ಅಂತ ಬೋರ್ಡು ಹಾಕಿ, ಸ್ವಾಮಿ!"

ನಗು ಗೋಡೆಯಿಂದ ಗೋಡೆಗೆ ಬಡಿಯಿತು. ಯಜಮಾನ ಒಂದು ಲೋಟ ಮೂಸಿ ಕೆಳಗಿಟ್ಟ. ಅವನು ನೋಡಿದ್ದು ತಮ್ಮನನ್ನಲ್ಲ. "ನೀವು ಮೊನ್ನೆನೂ ಕುಡಿದ್ರಿ, ಈಗಲೂ ಕುಡಿದ್ರಿ," ಎಂದ ಬೀಗದವನಿಗೆ. "ತಲೆನೂ ಆಡಿಸಿದ್ರಿ."

ತಮ್ಮ ತನ್ನ ಲೋಟವನ್ನು ಮುಖಕ್ಕೆ ತಂದ. ಮನೆಯ ಗಾಳಿಯಿಂದ ದೂರ ನಿಂತಿದ್ದ ಅವನ ಮೂಗಿಗೆ ಈಗ ಅದು ಸಿಕ್ಕಿತು: ಗಾಯಕ್ಕೆ ಸುತ್ತುವ ಪಟ್ಟಿಯ, ಔಷಧಿಯ, ಆಸ್ಪತ್ರೆಯ ನೆಲದ ವಾಸನೆ. ಸಾಯುವ ತನಕ ಮರೆಯಲಾಗದಷ್ಟು ಅವನಿಗೆ ಪರಿಚಯವಿದ್ದ ವಾಸನೆ. ಅವನು ಲೋಟ ನೋಡಿದ, ಅಣ್ಣನನ್ನು ನೋಡಿದ.

"ಯಾಕಣ್ಣಾ?"

ಬೀಗದವನು ಉಳಿದರ್ಧ ಲೋಟವನ್ನು ಮೇಜಿನ ಮೇಲಿಟ್ಟ.

"ಅವತ್ತು ನಿನ್ನ ಪೀಪಾಯಿನ ಇದೇ ಬಾರಿಂದ ವಾಪಸ್ ಕಳಿಸಿದ್ರಲ್ಲ. ಅದು ಇನ್ನೂ ನಿನ್ನ ಹೊಟ್ಟೇಲೇ ಇತ್ತು, ಅಲ್ವಾ?" ಎಂದ ತಮ್ಮ.

ಎಷ್ಟೋ ವರ್ಷದ ಹಿಂದಿನ ಮಾತು. ಬೀಗದವನ ಬಿಯರು ತೀರ ಕಹಿಯೆಂದು ಯಜಮಾನ ಒಪ್ಪಿರಲಿಲ್ಲ. ಬೀಗದವನು ಅದನ್ನು ಮರೆತೇಬಿಟ್ಟಿದ್ದ. ಆದರೆ ಬಾರಿನಲ್ಲಿದ್ದ ಒಬ್ಬೊಬ್ಬರ ಮುಖದಲ್ಲೂ ಅದು ಈಗ ನೆನಪಾದದ್ದು ಕಂಡಿತು.

"ನಂಗೆ ವಾಸನೆ ಬರಲ್ಲ ಕಣೋ," ಎಂದ ಕೊನೆಗೆ. "ಹೋದ ವರ್ಷದ ಜ್ವರದಲ್ಲಿ ಹೋಯ್ತು. ಏನೂ ಗೊತ್ತಾಗಲ್ಲ."

ಯಾರೋ ಕಿಸಕ್ಕೆಂದರು.

"ಅಯ್ಯೋ ಮಾರಾಯ, ನನ್ನ ಸೇಬು ಹಿಡಿದು ಇನ್ನೂ ಹದಿನೈದು ದಿನ ಆಗಿಲ್ಲ!" ಎಂದ ಕ್ಷೌರದವನು.

"ನಂದು ಕಿಟಕೀಲಿ ಇಟ್ಟಿದ್ದು ಅಂತ ಕೂತಲ್ಲೇ ಹೇಳಿದ್ರಿ," ಎಂದರು ಮೇಷ್ಟರು, ಬೇಸರದಿಂದ. "ಬೇರೆ ಏನಾದ್ರೂ ಹೇಳಿ. ಇದು ಬೇಡ."

"ಅದು... ನಿಮ್ಮನ್ನ ನೋಡಿ ಹೇಳ್ತಿದ್ದೆ. ಪ್ರಶ್ನೆ ಕೇಳಿ..."

"ಹಾಗಾದ್ರೆ ನಮ್ಮನ್ನೆಲ್ಲ ಇಷ್ಟು ದಿನ ಮಂಗ ಮಾಡಿದೆ ಅನ್ನು!" ಎಂದ ಬಣ್ಣ ಬಳಿಯುವವನು.

ಸತ್ಯ ಹೇಳಿದ್ದಾಗಿತ್ತು. ನಂಬುವವರು ಒಬ್ಬರೂ ಇರಲಿಲ್ಲ. ಅವನು ಸರಿಯಾಗಿ ಹೇಳಿದ್ದ ಒಂದೊಂದು ರೋಗವೂ ಅಲ್ಲಿ ಎದ್ದುನಿಂತು ಅವನ ವಿರುದ್ಧ ಸಾಕ್ಷಿ ಹೇಳಿತು. ಪೀಪಾಯಿಯನ್ನು ಮೂಟೆಯ ಹಾಗೆ ಬೆನ್ನಿಗೇರಿಸಿಕೊಂಡು, ಯಾರ ಸಹಾಯವನ್ನೂ ತೆಗೆದುಕೊಳ್ಳದೆ ತಮ್ಮ ಹೊರಗೆ ಹೋದ.

ಮನೆಯಲ್ಲಿ ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. "ಆ ಮನೆ ವಿಷಯ ಹೇಳೋಕೆ ಬಂದಾಗೆಲ್ಲ ನೀವು ಮಾತು ತಿರುಗಿಸಿದ್ರಿ," ಎಂದಳು. "ನಾಳೆ ಹೋಗಿ. ನನ್ನ ಕರೀಬೇಡಿ, ಒಬ್ಬರೇ ಹೋಗಿ."

ಹೋದ. ತಮ್ಮನ ಮನೆ ಮೂರನೇ ಮಹಡಿಯಲ್ಲಿತ್ತು. ಬಾಗಿಲು ತೆರೆದ ತಮ್ಮನ ಹೆಂಡತಿ ಅವನನ್ನು ನೋಡಿ, ಬನ್ನಿ ಎನ್ನದೆ, ಸರಿದು ನಿಂತಳು. ಕುರ್ಚಿಯ ಕಾಲು ಹಿಡಿದುಕೊಂಡು ಒಂದು ಕೂಸು ನಿಂತಿತ್ತು. ಉಸಿರಾಡಿದಾಗ ಎದೆಯಲ್ಲಿ ಸಣ್ಣಗೆ ಗೊರಗೊರ. ಅದು ಈ ಹೊಸ ಮುಖ ಕಂಡು ತುಟಿ ನಡುಗಿಸಿ ಅಮ್ಮನ ಹಿಂದೆ ಅಡಗಿತು. ನಿಲ್ಲುವಷ್ಟು ಬೆಳೆದುಬಿಟ್ಟಿದೆಯಲ್ಲ ಎಂದುಕೊಂಡು ಅವನು ಕಣ್ಣು ಆಚೆ ತಿರುಗಿಸಿದ.

ಅಡುಗೆಕೋಣೆಯ ಮೂಲೆಯಲ್ಲಿ ಒಂದು ದೊಡ್ಡ ತೊಟ್ಟಿ. ಬೆಳ್ಳಗೆ ಮಬ್ಬಾದ ನೀರಿನಲ್ಲಿ ಕೂಸಿನ ಹಾಲಿನ ಬಾಟಲಿ, ಬಟ್ಟೆ, ಆಟಿಕೆ, ಚಮಚ ಎಲ್ಲ ಮುಳುಗಿದ್ದವು. ತೊಟ್ಟಿಯ ಮೇಲೆ ನೀರಿಳಿಯಲೆಂದು ಬೋರಲು ಹಾಕಿದ್ದದ್ದು ಬಿಯರು ಹುದುಗಿಸಲು ತಮ್ಮ ಬಳಸುವ ಪ್ಲಾಸ್ಟಿಕ್ ಡಬ್ಬ. ಗೂಡಿನಲ್ಲಿ ಬ್ಲೀಚಿನ ಕ್ಯಾನು. ಅವನು ತಮ್ಮನ ಹೆಂಡತಿಯ ಕೈ ನೋಡಿದ. ಕೆಂಪಗೆ, ಬೆರಳ ತುದಿಯಲ್ಲಿ ಸಿಪ್ಪೆ.

ಬೀಗದೊಳಗೆ ಸಿಕ್ಕಿದ್ದ ಸ್ಪ್ರಿಂಗು ಟಕ್ಕೆಂದು ಜಾಗಕ್ಕೆ ಕೂತ ಹಾಗಾಯಿತು. ಬಂದ ಕೆಲಸ, ಕೇಳಬೇಕಾದ ಕ್ಷಮೆ, ಎಲ್ಲವೂ ಮರೆತುಹೋಗಿ ಬಾಯಿ ತಾನಾಗಿ ತೆರೆಯಿತು.

"ಇದೇ! ಈ ನೀರಲ್ಲಿ ಡಬ್ಬ ನೆನೆಸ್ತೀರಾ? ಎಷ್ಟು ತೊಳೆದ್ರೂ ಬ್ಲೀಚು ಪ್ಲಾಸ್ಟಿಕ್ಕಲ್ಲಿ ಕೂತಿರುತ್ತೆ, ಬಾರ್ಲಿ ರಸ ಬಿದ್ದ ತಕ್ಷಣ ಅದರ ಜೊತೆ ಸೇರ್ಕೊಂಡು ಆಸ್ಪತ್ರೆ ವಾಸನೆ ಎಬ್ಬಿಸುತ್ತೆ. ಬೇರೇನೂ ಕೆಟ್ಟಿಲ್ಲ. ಹೊಸ ಡಬ್ಬ ತಗೊಳ್ಳಿ, ಕುದಿಯೋ ನೀರು ಹಾಕಿ, ಅಷ್ಟೇ, ಮುಂದಿನ ಸಲ..."

"ನೋಡಿದ್ಯೇನೇ?"

ಒಳಕೋಣೆಯ ಬಾಗಿಲಲ್ಲಿ ಗೋದಾಮಿನ ಅಂಗಿ ತೊಟ್ಟ ತಮ್ಮ ನಿಂತಿದ್ದ. ಮಾತಾಡಿದ್ದು ಹೆಂಡತಿಯ ಜೊತೆ. "ಹೊಸ್ತಿಲು ದಾಟಿ ಒಂದು ನಿಮಿಷ ಆಗಿಲ್ಲ, ಹಿಡಿದುಬಿಟ್ಟ. ವಾಸನೆ ಬರಲ್ವಂತೆ!"

"ಕಣ್ಣಲ್ಲಿ ನೋಡಿ ಹೇಳಿದ್ದು ಕಣೋ. ತೊಟ್ಟಿ ನೋಡಿದೆ, ಇವಳ ಕೈ ನೋಡಿದೆ. ಮುಂಚೇನೇ ಒಂದು ಸಲ ಇಲ್ಲಿಗೆ ಬಂದಿದ್ರೆ ಅವತ್ತೇ ಹೇಳಿಬಿಡ್ತಿದ್ದೆ."

"ಬಂದಿದ್ರೆ."

ಕೂಸನ್ನು ತಮ್ಮ ಎತ್ತಿಕೊಂಡ. ಅದು ಅವನ ಕುತ್ತಿಗೆಗೆ ಮುಖ ಒತ್ತಿತು.

"ಬ್ಲೀಚು ಬೇಡ ಅಂತ ನಂಗೂ ಗೊತ್ತಿತ್ತು. ಸೋಂಕು ತಗಲಿದ್ರೆ ಮಗು ಉಳಿಯಲ್ಲ ಅಂದಿದ್ರು. ಇವಳು ಕಂಡಿದ್ದನ್ನೆಲ್ಲ ಅದರಲ್ಲಿ ಅದ್ದೋಳು. ನಾನು ಬೇಡ ಅನ್ನಲಿಲ್ಲ. ಅದಕ್ಕೇ ನಿನ್ನ ಹತ್ರ ತಂದೆ. ಕೆಟ್ಟಿದ್ರೆ ಅಣ್ಣ ಹೇಳ್ತಾನೆ ಅಂತ." ಕೂಸಿನ ಬೆನ್ನು ಸವರಿ ಕೇಳಿದ: "ಸರಿ, ನಿನ್ನ ಮಾತೇ ಇಟ್ಕೊಳೋಣ. ಮೂಗು ಹೋಯ್ತು. ಮೂಗು ಹೋಗಿದ್ದಕ್ಕೆ ಮಗು ನೋಡೋಕೆ ಬರ್ಲಿಲ್ವಾ?"

ಬೀಗದವನ ಬಳಿ ಇದ್ದದ್ದು ಒಂದೇ ಉತ್ತರ, ಹೌದು ಎಂಬುದು. ನಂಬದಿದ್ದರೆ ಅದು ಸುಳ್ಳು. ನಂಬಿದರೆ ಇನ್ನೂ ಕೀಳು.

"ಗೋದಾಮಿಗೆ ಹೊತ್ತಾಯ್ತು," ಎಂದು ತಮ್ಮ ಕೂಸನ್ನು ಹೆಂಡತಿಯ ಕೈಗೆ ಕೊಟ್ಟು, ಅಣ್ಣನ ಪಕ್ಕದಿಂದಲೇ ಹಾದು ಮೆಟ್ಟಿಲಿಳಿದ. ಬೆನ್ನು ಆಗಲೇ ಬಾಗಿತ್ತು.

ಕೆಲವು ವಾರಗಳಾದ ಮೇಲೆ ಕ್ಷೌರದವನು ಇನ್ನೊಂದು ಬಾಟಲಿ ಹಿಡಿದು ಸಂದಿಗೆ ಬಂದ. ಒಳಗೆ ಕಾಲಿಡಲಿಲ್ಲ. ಬೀದಿಯಲ್ಲೇ ನಿಂತು ಬಾಟಲಿ ಚಾಚಿದ. "ಮನಸ್ಸು ಹೇಗಾದ್ರೂ ಇರ್ಲಿ, ಮೂಗು ದೇವರದ್ದು. ಇದಕ್ಕೇನಾಗಿದೆ ಹೇಳು."

ಬೀಗದವನು ಲೋಟ ತೆಗೆದುಕೊಳ್ಳಲಿಲ್ಲ. "ಗೊತ್ತಿಲ್ಲ."

"ಹೇಳಲ್ಲ ಅನ್ನು," ಎಂದು ಅವನು ಬಾಟಲಿಯನ್ನು ಮತ್ತೆ ಕಂಕುಳಿಗೆ ಸೇರಿಸಿ ಹೊರಟುಹೋದ.

ಸಂಜೆ ಬೀಗದವನು ಬಾಗಿಲೆಳೆಯುವ ಮುಂಚೆ ಸ್ಟೂಲಿನ ಕೆಳಗಿನಿಂದ ತಮ್ಮ ಅಂದು ತಂದಿದ್ದ ಬಾಟಲಿ ತೆಗೆದ. ಅರ್ಧ ಉಳಿದಿತ್ತು, ಗ್ಯಾಸು ಹೋಗಿತ್ತು. ಲೋಟಕ್ಕೆ ಬಗ್ಗಿಸಿ, ಅಭ್ಯಾಸಕ್ಕೆ ಬೆಳಕಿಗೆ ಹಿಡಿದು, ಅಭ್ಯಾಸಕ್ಕೆ ಮೂಸಿದ. ಕೈಮುಗಿಯಲು ಹೋದವನು, ಏನು ಕೇಳಬೇಕೆಂದು ತಿಳಿಯದೆ, ಲೋಟವನ್ನೇ ಎರಡೂ ಕೈಯಲ್ಲಿ ಹಿಡಿದು ಕುಡಿದ. ಜನ ಉಗುಳಿದ್ದು ಏನನ್ನೆಂದು ಅವನಿಗೆ ಈಗಲೂ ತಿಳಿಯಲಿಲ್ಲ. ಕಹಿ ಮಾತ್ರ ಗೊತ್ತಾಯಿತು. ತಾನು ಕಲಿಸಿದ ಅಳತೆಗೆ ಒಂದು ಎಳೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ.